ತಂತಿ ಇಲ್ಲದ ಗೇಮ್‌ಪ್ಯಾಡ್ ಕಂಪ್ಯೂಟರಿಗೆ ಒಲಿದ ಬಗೆ

ಪ್ಲೇಸ್ಟೇಷನ್ 3ರ ಗೇಮ್‌ಪ್ಯಾಡನ್ನು ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರಿಗೆ ಸಿಕ್ಕಿಸಿದರೆ ಅದರ ನಾಲ್ಕು ಕೆಂಪು ದೀಪಗಳು ಒಟ್ಟಿಗೆ ಮಿನುಗತೊಡಗುತ್ತವೆ. ಹೊಸದೊಂದು ಸಾಧನ ಬಂದಿದೆ ಎಂದು ವಿಂಡೋಸ್ ಹೇಳುತ್ತದೆ, ಪಟ್ಟಿಯಲ್ಲಿ ಹೆಸರೂ ಮೂಡುತ್ತದೆ. ಆದರೆ ಗುಂಡಿ ಎಷ್ಟು ಒತ್ತಿದರೂ, ಕಡ್ಡಿಯನ್ನು ಯಾವ ದಿಕ್ಕಿಗೆ ತಿರುವಿದರೂ ಪರದೆಯ ಮೇಲೆ ಏನೂ ಅಲುಗುವುದಿಲ್ಲ. ಪ್ಯಾಡ್ ಕೆಟ್ಟಿರುವುದಿಲ್ಲ, ಒಂದು ಸಂದೇಶಕ್ಕಾಗಿ ಕಾದು ಕೂತಿರುತ್ತದೆ. ಕೆಲವೇ ಬೈಟ್‌ಗಳ ಆ ಸಂದೇಶ ತಲುಪುವವರೆಗೆ ಗುಂಡಿ ಒತ್ತಿದ ಸುದ್ದಿಯನ್ನು ಅದು ಯಾರಿಗೂ ಹೇಳುವುದಿಲ್ಲ. ಸೋನಿಯ ಗೇಮ್ ಪೆಟ್ಟಿಗೆಗೆ ಆ ಸಂದೇಶ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ.

ಅದನ್ನು ಕಂಪ್ಯೂಟರಿಗೆ ಕಲಿಸುವ ತಂತ್ರಾಂಶವೇ ಡ್ರೈವರ್. 2006ರಲ್ಲಿ ಈ ಪ್ಯಾಡ್ ಮಾರುಕಟ್ಟೆಗೆ ಬಂದಾಗ ಸೋನಿ ಕಂಪ್ಯೂಟರಿಗೆಂದು ಡ್ರೈವರ್ ಕೊಡಲಿಲ್ಲ. ಇಂದು ಜಮಖಂಡಿಯ ಹುಡುಗನೊಬ್ಬ ಬ್ಲೂಟೂತ್ ಒತ್ತಿ, ಅರೆನಿಮಿಷದಲ್ಲಿ ಪ್ಯಾಡ್ ಜೋಡಿಸಿ ಆಟ ಶುರು ಮಾಡುತ್ತಾನೆ. ಆ ಅರೆನಿಮಿಷದ ಹಿಂದೆ ಹದಿನೈದಕ್ಕೂ ಹೆಚ್ಚು ವರ್ಷಗಳ ದುಡಿಮೆ ಇದೆ, ಅದರಲ್ಲಿ ಬಹುಪಾಲು ಸಂಬಳವಿಲ್ಲದ ದುಡಿಮೆ.

ಕಥೆ ತಂತಿಯಿಂದಲೇ ಆರಂಭ. 1981ರಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರ್ ತಂದಾಗ ಜಾಯ್‌ಸ್ಟಿಕ್ ಜೋಡಿಸಲು ಪ್ರತ್ಯೇಕ ಕಾರ್ಡ್ ಕೊಟ್ಟಿತ್ತು. ಅದರ ಕಿಂಡಿಗೆ ಹದಿನೈದು ಪಿನ್ನು. ಕಡ್ಡಿ ತಿರುಗಿದಂತೆ ಒಳಗಿನ ವಿದ್ಯುತ್ ರೋಧ ಏರಿಳಿಯುತ್ತಿತ್ತು. ರೋಧ ಹೆಚ್ಚಾದಷ್ಟೂ ಕಾರ್ಡ್‌ನಲ್ಲಿದ್ದ ಕೆಪಾಸಿಟರ್ ತುಂಬಲು ತಡ. ಎಷ್ಟು ತಡವಾಯಿತು ಎಂದು ಪ್ರೊಸೆಸರ್ ಕೂತು ಎಣಿಸಬೇಕು. ಆ ಎಣಿಕೆಯೇ ಕಡ್ಡಿ ಎಲ್ಲಿದೆ ಎಂಬುದರ ಲೆಕ್ಕ. ಕಂಪ್ಯೂಟರ್ ವೇಗವಾದರೆ ಎಣಿಕೆಯೂ ಬದಲಾಗುತ್ತಿತ್ತು. ಹಾಗಾಗಿ ಆಟಕ್ಕೆ ಮುಂಚೆ ಕಡ್ಡಿಯನ್ನು ಮೂಲೆಮೂಲೆಗೆ ಒಯ್ದು ಎಲ್ಲೆ ತೋರಿಸಬೇಕಿತ್ತು. ಡಾಸ್ ಕಾಲದಲ್ಲಿ ಈ ಕೆಲಸವನ್ನು ಪ್ರತಿಯೊಂದು ಆಟವೂ ತಾನೇ ಮಾಡಿಕೊಳ್ಳಬೇಕಿತ್ತು.

1995ರಲ್ಲಿ ಮೈಕ್ರೋಸಾಫ್ಟ್‌ನ ಡೈರೆಕ್ಟ್‌ಎಕ್ಸ್ ಬಂತು, ಮರುವರ್ಷ ಯುಎಸ್‌ಬಿ. ಯುಎಸ್‌ಬಿಯ ಜೊತೆಗೆ ಬಂದದ್ದು ನಿಜಕ್ಕೂ ಸೊಗಸಾದ ಒಂದು ಏರ್ಪಾಡು: ಕೀಬೋರ್ಡ್ ಆಗಲಿ, ಮೌಸ್ ಆಗಲಿ, ಜಾಯ್‌ಸ್ಟಿಕ್ ಆಗಲಿ, ಜೋಡಿಸಿದ ಕೂಡಲೇ ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳಬೇಕು. ನನ್ನಲ್ಲಿ ಇಷ್ಟು ಗುಂಡಿ, ಇಷ್ಟು ಕಡ್ಡಿ, ಇಷ್ಟು ಬಿಟ್‌ಗಳಲ್ಲಿ ಸುದ್ದಿ ಕಳಿಸುತ್ತೇನೆ ಎಂದು. ಎಲ್ಲರೂ ಇದನ್ನೇ ಪಾಲಿಸಿದ್ದರೆ ಪ್ರತಿ ಪ್ಯಾಡಿಗೂ ಬೇರೆ ಡ್ರೈವರ್ ಬೇಕಾಗುತ್ತಲೇ ಇರಲಿಲ್ಲ.

ಗೇಮ್ ಪೆಟ್ಟಿಗೆ ಮಾರುವ ಕಂಪನಿಗಳು ತಂತಿ ಕಳಚಿದ್ದು ಹಂತಹಂತವಾಗಿ. ಅಟಾರಿ 1983ರಲ್ಲೇ ರೇಡಿಯೋ ಜಾಯ್‌ಸ್ಟಿಕ್ ಮಾರಿತ್ತು. 2002ರಲ್ಲಿ ನಿಂಟೆಂಡೊದ ವೇವ್‌ಬರ್ಡ್ ಬಂತು. ಆದರೆ ವೈರ್‌ಲೆಸ್ ಮನೆಮನೆಗೆ ಹೊಕ್ಕದ್ದು 2005ರ ನವೆಂಬರ್‌ನಲ್ಲಿ, ಎಕ್ಸ್‌ಬಾಕ್ಸ್ 360 ಜೊತೆಗೆ. ಅದರ ಪ್ಯಾಡ್ ಬ್ಲೂಟೂತ್ ಬಳಸಲಿಲ್ಲ. ಮೈಕ್ರೋಸಾಫ್ಟ್ ತನ್ನದೇ ರೇಡಿಯೋ ಪದ್ಧತಿ ಇಟ್ಟುಕೊಂಡಿತ್ತು. ಪ್ಯಾಡ್ ಜೊತೆ ಚಾರ್ಜಿಂಗ್ ಕೇಬಲ್ ಕೊಂಡವರು ಅದನ್ನು ಕಂಪ್ಯೂಟರಿಗೆ ಚುಚ್ಚಿ ನಿರಾಶರಾದರು. ಆ ಕೇಬಲ್‌ನಲ್ಲಿ ಹರಿಯುವುದು ಕರೆಂಟ್ ಮಾತ್ರ, ಗುಂಡಿಯ ಸುದ್ದಿ ಹರಿಯುವುದಿಲ್ಲ. ಕಂಪ್ಯೂಟರಿಗೆ ಬೇಕಾದ ರಿಸೀವರ್ ಮಾರಾಟಕ್ಕೆ ಬಂದದ್ದು 2007ರಲ್ಲಿ. ಒಂದು ರಿಸೀವರಿಗೆ ನಾಲ್ಕು ಪ್ಯಾಡ್.

ಆ ರಿಸೀವರಿನ ಚೀನೀ ನಕಲುಗಳು ಬೇಗನೆ ಬಂದವು. ಅಗ್ಗದ ನಕಲು ರಿಸೀವರ್ ತಂದು ಚುಚ್ಚಿದವರಿಗೆ ಕಾಣುತ್ತಿದ್ದುದು ‘ಅಪರಿಚಿತ ಸಾಧನ’ ಎಂಬ ಬರಹ. ಕಾರಣ ಬಹಳ ಸಣ್ಣದು. ಪ್ರತಿ ಯುಎಸ್‌ಬಿ ಸಾಧನಕ್ಕೂ ಕಂಪನಿಯ ಸಂಖ್ಯೆ, ಸರಕಿನ ಸಂಖ್ಯೆ ಎಂದು ಎರಡು ಗುರುತು. ಅಸಲಿ ರಿಸೀವರಿನ ಸರಕು ಸಂಖ್ಯೆ 0719. ಹಲವು ನಕಲುಗಳದ್ದು 02ಎ9. ವಿಂಡೋಸ್‌ನ ಡ್ರೈವರ್ 0719 ಅನ್ನು ಹುಡುಕುತ್ತದೆ, ಸಿಗದಿದ್ದರೆ ಸುಮ್ಮನಾಗುತ್ತದೆ. ಡಿವೈಸ್ ಮ್ಯಾನೇಜರ್ ತೆರೆದು, ಆ ಅಪರಿಚಿತ ಸಾಧನದ ಮೇಲೆ ಬಲಗುಂಡಿ ಒತ್ತಿ, ಡ್ರೈವರನ್ನು ನಾನೇ ಪಟ್ಟಿಯಿಂದ ಆರಿಸುತ್ತೇನೆ ಎಂದು ಹೇಳಿ, ಎಕ್ಸ್‌ಬಾಕ್ಸ್ 360 ರಿಸೀವರಿನ ಹೆಸರನ್ನು ಕೈಯಾರೆ ತೋರಿಸಬೇಕು. ವಿಂಡೋಸ್ ಎಚ್ಚರಿಕೆ ಕೊಡುತ್ತದೆ. ‘ಹೌದು’ ಒತ್ತಿದರೆ ರಿಸೀವರಿನ ಹಸಿರು ದೀಪ ಹತ್ತುತ್ತದೆ. ಇತ್ತ ಲಿನಕ್ಸ್‌ನ ಡ್ರೈವರ್‌ನಲ್ಲಿ 02ಎ9 ಎಂಬ ಸಂಖ್ಯೆ ‘ಅನಧಿಕೃತ’ ಎಂಬ ಟಿಪ್ಪಣಿಯೊಂದಿಗೆ ಆಗಲೇ ಸೇರಿಕೊಂಡಿದೆ. ನಕಲು ಕೊಂಡವನೂ ಬಳಕೆದಾರನೇ ಎಂದು ಒಪ್ಪಿಕೊಳ್ಳುವ ಈ ಔದಾರ್ಯವನ್ನು ಮೆಚ್ಚಲೇಬೇಕು.

ಎಕ್ಸ್‌ಪ್ಯಾಡ್ ಎಂಬ ಆ ಲಿನಕ್ಸ್ ಡ್ರೈವರನ್ನು 2002ರಲ್ಲಿ ಆರಂಭಿಸಿದವರು ಮಾರ್ಕೊ ಫ್ರೀಡೆಮನ್. ಮುಂದೆ ಒಬ್ಬರ ನಂತರ ಒಬ್ಬರು ಅದಕ್ಕೆ ಕೈಜೋಡಿಸಿದರು. ಮ್ಯಾಕ್ ಕಂಪ್ಯೂಟರುಗಳಿಗೆ ಕಾಲಿನ್ ಮನ್ರೊ ಒಬ್ಬರೇ 360 ಪ್ಯಾಡಿನ ಡ್ರೈವರ್ ಬರೆದರು. ಪ್ಲೇಸ್ಟೇಷನ್ 3ರ ಪ್ಯಾಡ್ ಕಾಯುತ್ತಿದ್ದ ಸಂದೇಶವನ್ನು ಕಂಡುಹಿಡಿದವರೂ ಇಂಥ ಹವ್ಯಾಸಿಗಳೇ. ಜೋಡಣೆಯ ಮರ್ಮವನ್ನೂ ಅವರೇ ಬಿಡಿಸಿದರು: ಆ ಪ್ಯಾಡ್ ತನ್ನ ಯಜಮಾನನ ಬ್ಲೂಟೂತ್ ವಿಳಾಸವನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ, ಆ ವಿಳಾಸವನ್ನು ಬದಲಿಸಲು ಮೊದಲು ಒಮ್ಮೆ ಕೇಬಲ್ ಹಾಕಲೇಬೇಕು.

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯ ಜನಕ್ಕೆ ಈ ಮನೋಭಾವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಕೃಷ್ಣೆ ಬತ್ತುತ್ತಿದ್ದಾಗ ಸರ್ಕಾರ ಕಟ್ಟಲಿ ಎಂದು ಕಾಯದೆ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ವಂತಿಗೆ ಹಾಕಿ, ಮೈಮುರಿದು ದುಡಿದು 1989ರಲ್ಲಿ ನದಿಗೆ ಬ್ಯಾರೇಜ್ ಕಟ್ಟಿದರು. ಅದು ಶ್ರಮಬಿಂದು ಸಾಗರ. ಎರಡೇ ವರ್ಷದಲ್ಲಿ ‘ಬ್ಯಾರೇಜ್ ಸಿದ್ದು’ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿ ಲೋಕಸಭೆಗೆ ಹೋದರು. ಹೊಲದ ನೀರಿಗೂ ಆಟದ ಪ್ಯಾಡಿಗೂ ಗಾತ್ರದಲ್ಲಿ ಹೋಲಿಕೆ ಇಲ್ಲ ನಿಜ, ಆದರೆ ಬೇಕಾದವರೇ ಮುಂದೆ ನಿಂತು ಕಟ್ಟಿಕೊಂಡರು ಎಂಬ ಮಾತು ಎರಡಕ್ಕೂ ಸಲ್ಲುತ್ತದೆ.

ವಿಂಡೋಸ್‌ನಲ್ಲಿ ಇನ್ನೊಂದು ತೊಡಕು ಇತ್ತು. 360ರ ಜೊತೆಗೆ ಮೈಕ್ರೋಸಾಫ್ಟ್ ಎಕ್ಸ್‌ಇನ್‌ಪುಟ್ ಎಂಬ ಹೊಸ ಪದ್ಧತಿ ತಂದಿತು. ಮುಂದೆ ಬಂದ ಎಷ್ಟೋ ಆಟಗಳು ಅದೊಂದನ್ನೇ ನೆಚ್ಚಿಕೊಂಡವು. ಎಕ್ಸ್‌ಬಾಕ್ಸ್ ಪ್ಯಾಡ್ ಅಲ್ಲದ್ದು ಅವುಗಳ ಕಣ್ಣಿಗೇ ಬೀಳಲಿಲ್ಲ. ಆದ್ದರಿಂದ ಉಳಿದ ಪ್ಯಾಡುಗಳೆಲ್ಲ ಎಕ್ಸ್‌ಬಾಕ್ಸ್ ವೇಷ ತೊಡಬೇಕಾಯಿತು. ಸ್ಕಾರ್ಲೆಟ್ ಕ್ರಷ್ ಎಂಬ ಅಂಕಿತದಲ್ಲಿ ಒಬ್ಬರು ಬರೆದ ಡ್ರೈವರ್ ಪ್ಲೇಸ್ಟೇಷನ್ ಪ್ಯಾಡಿಗೆ ಆ ವೇಷ ಹಾಕಿತು. ಆದರೆ ಅದಕ್ಕೆ ಒಂದು ಬ್ಲೂಟೂತ್ ಡಾಂಗಲನ್ನು ಪೂರ್ತಿ ಬಿಟ್ಟುಕೊಡಬೇಕಿತ್ತು. ಅದೇ ಡಾಂಗಲ್‌ಗೆ ಹೆಡ್‌ಫೋನ್ ಜೋಡಿಸುವಂತಿರಲಿಲ್ಲ. ಬಳಿಕ ನೆಫೇರಿಯಸ್ ಎಂಬ ಹೆಸರಿನ ಡೆವಲಪರ್ ‘ವಿಜೆಮ್‌ಬಸ್’ ಬರೆದರು. ಅದು ಕಂಪ್ಯೂಟರಿನೊಳಗೆ ಇಲ್ಲದ ಎಕ್ಸ್‌ಬಾಕ್ಸ್ ಪ್ಯಾಡೊಂದನ್ನು ಸೃಷ್ಟಿಸುತ್ತದೆ. ಪ್ಲೇಸ್ಟೇಷನ್ 4ರ ಪ್ಯಾಡಿಗಾಗಿ ಇರುವ ಡಿಎಸ್4ವಿಂಡೋಸ್ ಅಸಲಿ ಗುಂಡಿಯ ಸುದ್ದಿಯನ್ನು ಓದಿ ಈ ಕಾಲ್ಪನಿಕ ಪ್ಯಾಡಿಗೆ ದಾಟಿಸುತ್ತದೆ. ಆಗ ಆಟಕ್ಕೆ ಎರಡು ಪ್ಯಾಡ್ ಕಾಣುತ್ತವೆ, ಒಂದು ಒತ್ತಿಗೆ ಎರಡು ನೆಗೆತ! ಅಸಲಿಯನ್ನು ಮರೆಮಾಡಲು ಹಿಡ್‌ಹೈಡ್ ಎಂಬ ಮತ್ತೊಂದು ಡ್ರೈವರ್ ಬೇಕಾಯಿತು.

ಹವ್ಯಾಸಿಗಳ ಕೈಕಟ್ಟಿದ ನಿಯಮವೂ ಬಂತು. 2016ರಲ್ಲಿ ವಿಂಡೋಸ್ 10ರ 1607ನೇ ಆವೃತ್ತಿಯಿಂದ ಕರ್ನಲ್‌ನಲ್ಲಿ, ಅಂದರೆ ವಿಂಡೋಸ್‌ನ ತಿರುಳಿನಲ್ಲಿ, ಓಡುವ ಹೊಸ ಡ್ರೈವರುಗಳಿಗೆ ಮೈಕ್ರೋಸಾಫ್ಟ್‌ನ ಡಿಜಿಟಲ್ ಸಹಿ ಬೇಕೆಂದಾಯಿತು. ಕಳ್ಳ ತಂತ್ರಾಂಶ ತಡೆಯಲು ಈ ಬಿಗಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಹಿಗೆ ಬೇಕಾದ ದುಬಾರಿ ಪ್ರಮಾಣಪತ್ರದ ಹಣವನ್ನು ಪುಕ್ಕಟೆ ಕೆಲಸ ಮಾಡುವವರೇ ಹೊಂದಿಸಬೇಕಾಯಿತು. ಸಾವಿರಾರು ಜನ ನೆಚ್ಚಿದ್ದ ವಿಜೆಮ್‌ಬಸ್ ಕೊನೆಗೆ 2023ರಲ್ಲಿ ನಿಂತದ್ದು ತಾಂತ್ರಿಕ ಕಾರಣಕ್ಕಲ್ಲ, ಹೆಸರಿನ ಟ್ರೇಡ್‌ಮಾರ್ಕ್ ತಕರಾರಿಗೆ.

ಡ್ರೈವರ್ ಸಿಕ್ಕರೆ ಪ್ಯಾಡ್ ಆಟವನ್ನೂ ಮೀರುತ್ತದೆ. 2007ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಜಾನಿ ಚುಂಗ್ ಲೀ, ನಿಂಟೆಂಡೊ ವೀ ರಿಮೋಟನ್ನು ಬ್ಲೂಟೂತ್ ಮೂಲಕ ಕಂಪ್ಯೂಟರಿಗೆ ಬೆಸೆದರು. ರಿಮೋಟಿನ ಮೂತಿಯಲ್ಲಿ ಅವಗೆಂಪು ಕ್ಯಾಮೆರಾ ಇದೆ. ತುದಿಯಲ್ಲಿ ಅವಗೆಂಪು ಎಲ್‌ಇಡಿ ಇರುವ ಪೆನ್ನು ಮಾಡಿ, ಪ್ರೊಜೆಕ್ಟರ್ ಬೆಳಕು ಬಿದ್ದ ಗೋಡೆಯನ್ನೇ ಬರೆಯುವ ಹಲಗೆಯಾಗಿಸಿದರು. ದುಬಾರಿ ಸ್ಮಾರ್ಟ್ ಬೋರ್ಡ್ ಕೊಳ್ಳಲಾಗದ ಶಾಲೆಗಳ ಶಿಕ್ಷಕರು ಆ ತಂತ್ರಾಂಶವನ್ನು ಇಳಿಸಿಕೊಂಡರು. 2010ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್‌ನ ಕಿನೆಕ್ಟ್ ಬಂದಾಗ ಅದಕ್ಕೆ ಮುಕ್ತ ಡ್ರೈವರ್ ಬರೆದವರಿಗೆ ಅಡಾಫ್ರೂಟ್ ಕಂಪನಿ 3000 ಡಾಲರ್ ಬಹುಮಾನ ಕೊಟ್ಟಿತು. ಗೆದ್ದವರು ಸ್ಪೇನಿನ ಹೆಕ್ಟರ್ ಮಾರ್ಟಿನ್. ಮೊದಲು ಮುಖ ಸಿಂಡರಿಸಿದ್ದ ಮೈಕ್ರೋಸಾಫ್ಟ್ ಮುಂದಿನ ಜೂನ್‌ನಲ್ಲಿ ತಾನೇ ಅಧಿಕೃತ ಕಿಟ್ ಬಿಡುಗಡೆ ಮಾಡಿತು. 2018ರ ಅದರ ಅಡಾಪ್ಟಿವ್ ಕಂಟ್ರೋಲರ್‌ನಲ್ಲಂತೂ ಹತ್ತೊಂಬತ್ತು ಜ್ಯಾಕ್‌ಗಳಿವೆ. ಬೆರಳು ಆಡದವರು ಕಾಲಿನ ಪೆಡಲನ್ನೋ ದೊಡ್ಡ ಗುಂಡಿಯನ್ನೋ ಜೋಡಿಸಿಕೊಂಡು ಆಡಬಹುದು.

ಸೋನಿಯೂ ಬದಲಾಯಿತು. 2021ರ ಏಪ್ರಿಲ್‌ನಲ್ಲಿ ಹೊರಬಂದ ಲಿನಕ್ಸ್ 5.12ರಲ್ಲಿ ಪ್ಲೇಸ್ಟೇಷನ್ 5ರ ಪ್ಯಾಡಿಗೆ ಡ್ರೈವರ್ ಇದೆ. ಬರೆದವರು ಸೋನಿಯ ಇಂಜಿನಿಯರ್ ರೋಡರಿಕ್ ಕೋಲೆನ್‌ಬ್ರಾಂಡರ್. ನಿಂಟೆಂಡೊ ಸ್ವಿಚ್‌ನ ಪ್ಯಾಡಿಗೆ ಮಾತ್ರ ಹವ್ಯಾಸಿಯೇ ಬರಬೇಕಾಯಿತು. ಡೇನಿಯಲ್ ಓಗೊರ್ಚಾಕ್ ವರ್ಷಗಟ್ಟಲೆ ತಿದ್ದಿ ತಿದ್ದಿ ಕಳಿಸಿದ ಕೋಡ್ 2022ರ ಜನವರಿಯ ಲಿನಕ್ಸ್ 5.16ರಲ್ಲಿ ಸೇರಿತು.

ಈಗ ಹೊಸ ಪ್ಯಾಡ್ ತಯಾರಕರು ವೇಷ ಹಾಕುವ ಕೆಲಸವನ್ನು ಕಂಪ್ಯೂಟರಿನಿಂದ ಪ್ಯಾಡಿನೊಳಕ್ಕೇ ತಂದಿದ್ದಾರೆ. ಚೀನಾದ 8ಬಿಟ್‌ಡೊ ಕಂಪನಿಯ ಎಸ್ಎನ್30 ಪ್ರೊ ಪ್ಯಾಡಿನಲ್ಲಿ ಸ್ಟಾರ್ಟ್ ಗುಂಡಿಯ ಜೊತೆ ಎಕ್ಸ್ ಒತ್ತಿದರೆ ಅದು ವಿಂಡೋಸ್‌ಗೆ ಎಕ್ಸ್‌ಬಾಕ್ಸ್ ಪ್ಯಾಡ್. ಬಿ ಒತ್ತಿದರೆ ಆಂಡ್ರಾಯ್ಡ್ ಫೋನಿಗೆ ಮಾಮೂಲಿ ಬ್ಲೂಟೂತ್ ಪ್ಯಾಡ್. ವೈ ಒತ್ತಿದರೆ ಸ್ವಿಚ್‌ನದ್ದು. ಎ ಒತ್ತಿದರೆ ಮ್ಯಾಕ್‌ನ ಮುಂದೆ ತಾನು ಸೋನಿಯ ಪ್ಲೇಸ್ಟೇಷನ್ 4ರ ಪ್ಯಾಡ್ ಎಂದು ಹೇಳಿಕೊಳ್ಳುತ್ತದೆ. ಅಗ್ಗದ ಪ್ಯಾಡ್ ಕೊಳ್ಳುವವರು ಡಬ್ಬಿಯ ಹಿಂಬದಿಯಲ್ಲಿ ಮೊದಲು ನೋಡಬೇಕಾದದ್ದು ಈ ಪಟ್ಟಿಯನ್ನೇ: ಅದರಲ್ಲಿ ಎಕ್ಸ್‌ಇನ್‌ಪುಟ್ ಇದ್ದರೆ ವಿಂಡೋಸ್‌ನಲ್ಲಿ ಬೇರೆ ಡ್ರೈವರ್ ಹುಡುಕುವ ಕೆಲಸ ಸಾಮಾನ್ಯವಾಗಿ ತಪ್ಪುತ್ತದೆ.