ಭಾರ ಹೊರದ ಮೂಳೆ ಸವೆಯುತ್ತದೆ

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಗಗನಯಾತ್ರಿಗಳಿಗೆ ಪ್ರಯೋಗ, ದುರಸ್ತಿ, ಸ್ವಚ್ಛತೆ ಎಂದು ಕೈತುಂಬ ಕೆಲಸ. ಆದರೂ ವ್ಯಾಯಾಮಕ್ಕೆಂದೇ ದಿನಕ್ಕೆ ಸುಮಾರು ಎರಡು ಗಂಟೆ ಮೀಸಲು. ಒಂದೊಂದು ನಿಮಿಷವನ್ನೂ ಲೆಕ್ಕ ಹಾಕಿ ಬಳಸುವ ಜಾಗದಲ್ಲಿ ಇಷ್ಟು ಹೊತ್ತು ಏಕೆ?

ನಿಲ್ದಾಣವಿರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಅಲ್ಲಿ ಗುರುತ್ವಾಕರ್ಷಣೆಯೇ ಇಲ್ಲ ಎಂಬುದು ತಪ್ಪು ತಿಳಿವಳಿಕೆ. ನೆಲದ ಮೇಲಿರುವುದರ ಶೇ. 90ರಷ್ಟು ಅಲ್ಲೂ ಇದೆ. ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಸಾಗುವ ನಿಲ್ದಾಣ ಸದಾ ಭೂಮಿಯತ್ತ ಬೀಳುತ್ತಲೇ ಇರುತ್ತದೆ. ಅದು ಬಿದ್ದಷ್ಟೇ ಭೂಮಿಯ ಮೈಯೂ ಬಾಗುವುದರಿಂದ ನೆಲ ಮುಟ್ಟುವುದಿಲ್ಲ. ಒಳಗಿದ್ದವರೂ ಜೊತೆಗೇ ಬೀಳುತ್ತಿರುತ್ತಾರೆ, ಹಾಗಾಗಿ ಅವರಿಗೆ ತೂಕದ ಅನುಭವವಿಲ್ಲ.

ತೂಕವಿಲ್ಲದಿದ್ದರೆ ಮೂಳೆಗೆ ಕೆಲಸವಿಲ್ಲ. ಮೂಳೆ ಜಡವಸ್ತುವಲ್ಲ. ಹಳೆಯದನ್ನು ಕರಗಿಸುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಅದರಲ್ಲಿ ನಿರಂತರ ದುಡಿಯುತ್ತವೆ. ನಿಂತಾಗ, ನಡೆದಾಗ, ಭಾರ ಎತ್ತಿದಾಗ ಬೀಳುವ ಒತ್ತಡವೇ ಕಟ್ಟುವ ಕೋಶಗಳಿಗೆ ಸೂಚನೆ. ಆ ಸೂಚನೆ ನಿಂತರೆ ಕರಗುವುದು ಹೆಚ್ಚು, ಕಟ್ಟುವುದು ಕಡಿಮೆ. ತಕ್ಕ ವ್ಯಾಯಾಮವಿಲ್ಲದಿದ್ದರೆ ಸೊಂಟ, ತೊಡೆಯಂಥ ಭಾರ ಹೊರುವ ಮೂಳೆಗಳು ತಿಂಗಳಿಗೆ ಶೇ. 1ರಿಂದ 1.5ರಷ್ಟು ಸಾಂದ್ರತೆ ಕಳೆದುಕೊಳ್ಳುತ್ತವೆ. ಕರಗಿದ ಕ್ಯಾಲ್ಸಿಯಂ ಮೂತ್ರಕ್ಕೆ ಸೇರುವುದರಿಂದ ಮೂತ್ರಪಿಂಡದಲ್ಲಿ ಕಲ್ಲಾಗುವ ಅಪಾಯವೂ ಹೆಚ್ಚುತ್ತದೆ.

ಇದಕ್ಕೆ ಮದ್ದು, ಇಲ್ಲದ ಭಾರವನ್ನು ಬೇಕೆಂದೇ ಹೇರಿಕೊಳ್ಳುವುದು. ಟ್ರೆಡ್‌ಮಿಲ್ ಮೇಲೆ ಓಡುವವರನ್ನು ಹೆಗಲು, ಸೊಂಟಕ್ಕೆ ಬಿಗಿದ ಪಟ್ಟಿಗಳು ಕೆಳಕ್ಕೆ ಎಳೆದು ಹಿಡಿಯುತ್ತವೆ. ಅಲ್ಲಿ ಡಂಬೆಲ್ ಎತ್ತಿ ಪ್ರಯೋಜನವಿಲ್ಲ. ಬದಲಿಗೆ 2008ರಲ್ಲಿ ಒಯ್ದ ಸಾಧನವೊಂದು ನಿರ್ವಾತ ಸಿಲಿಂಡರ್‌ಗಳ ಎಳೆತದಿಂದ ಸುಮಾರು 270 ಕಿಲೋವರೆಗಿನ ಭಾರವನ್ನು ಸೃಷ್ಟಿಸುತ್ತದೆ. ಅದರಲ್ಲಿ ಕಸರತ್ತು ಮಾಡಿ, ಸಾಕಷ್ಟು ಆಹಾರ, ವಿಟಮಿನ್ ಡಿ ಪಡೆದ ಗಗನಯಾತ್ರಿಗಳು ದೇಹದ ಹೆಚ್ಚಿನ ಭಾಗಗಳಲ್ಲಿ ಮೂಳೆಯ ಸಾಂದ್ರತೆ ಉಳಿಸಿಕೊಂಡೇ ಮರಳಿದ್ದಾರೆ.

ಸ್ನಾಯುಗಳದ್ದೂ ಇದೇ ಕಥೆ. 2025ರ ಜೂನ್-ಜುಲೈನಲ್ಲಿ ನಿಲ್ದಾಣದಲ್ಲಿದ್ದ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ನಡೆಸಿದ ಪ್ರಯೋಗಗಳಲ್ಲೊಂದು ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯದು. ತೂಕರಹಿತ ಸ್ಥಿತಿಯಲ್ಲಿ ಸ್ನಾಯುಕೋಶಗಳ ಬೆಳವಣಿಗೆ ಏಕೆ ಕುಂಠಿತವಾಗುತ್ತದೆ ಎಂಬುದೇ ಅದರ ಪ್ರಶ್ನೆ. ಮುಪ್ಪಿನಲ್ಲಿ ನಿಧಾನವಾಗಿ ಆಗುವ ಸವೆತ ಅಲ್ಲಿ ಬೇಗನೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಅಲ್ಲಿ ಸಿಗುವ ಉತ್ತರ ಇಲ್ಲಿನ ವೃದ್ಧರಿಗೂ ಹಾಸಿಗೆ ಹಿಡಿದವರಿಗೂ ನೆರವಾಗಬಲ್ಲದು. ಶಸ್ತ್ರಚಿಕಿತ್ಸೆಯಾದವರನ್ನು ವೈದ್ಯರು ಆದಷ್ಟು ಬೇಗ ಎಬ್ಬಿಸಿ ನಡೆಸುವುದಕ್ಕೆ ಇದೂ ಒಂದು ಕಾರಣ: ನಮ್ಮ ದೇಹ ತನ್ನ ಭಾರವನ್ನು ತಾನೇ ಹೊತ್ತು ಗಟ್ಟಿಯಾಗುತ್ತದೆ.