ವಿಕಲಚೇತನರ ಕಾಯಕ: ಶಿವಾರಪಟ್ಟಣದಿಂದ ಒಂದು ವಿಚಾರ

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಶಿವಾರಪಟ್ಟಣವು ತಲೆತಲಾಂತರದಿಂದ ಕಲ್ಲಿನಲ್ಲಿ ದೇವತಾಮೂರ್ತಿಗಳನ್ನು ಕಡೆಯುತ್ತ ಬಂದ ಶಿಲ್ಪಿಗಳ ಊರು. ದೇವಾಲಯದಲ್ಲಿ ನಿಂತ ವಿಗ್ರಹವನ್ನು ಕಂಡವರು ಅದನ್ನು ಒಬ್ಬ ಶಿಲ್ಪಿಯ ಕೃತಿಯೆಂದೇ ಭಾವಿಸುವರಾದರೂ, ಕಲ್ಲನ್ನು ಆರಿಸಿ ತರುವುದು, ಮೂರ್ತಿಯ ಅಳತೆಯ ಕ್ರಮವಾದ ತಾಳಮಾನಕ್ಕನುಗುಣವಾಗಿ ಗೆರೆ ಹಾಕುವುದು, ಬೇಡದ ಭಾಗವನ್ನು ಒಡೆದು ತೆಗೆಯುವುದು, ಉಳಿಯಿಂದ ಮುಖಭಾವವನ್ನು ಬಿಡಿಸುವುದು, ಉಜ್ಜಿ ನುಣುಪು ತರುವುದು, ಗಿರಾಕಿಗಳೊಡನೆ ಮಾತನಾಡಿ ಲೆಕ್ಕವಿಡುವುದು, ಇವೆಲ್ಲವೂ ಬೇರೆ ಬೇರೆ ಕೆಲಸಗಳು. ಅವು ಬೇಡುವ ಶಕ್ತಿಗಳೂ ಬೇರೆ ಬೇರೆ. ಕಾಲಿನಲ್ಲಿ ಬಲವಿಲ್ಲದವನು ಬಂಡೆಯನ್ನು ಹೊರಲಾರನು, ಆದರೆ ಕುಳಿತು ಗೆರೆ ಹಾಕಬಲ್ಲನು. ಕಿವಿ ಕೇಳದವಳಿಗೆ ಫೋನಿನಲ್ಲಿ ಮಾತನಾಡುವುದು ಕಷ್ಟ, ಆದರೆ ಅವಳ ಕಣ್ಣಿಗೂ ಕೈಗೂ ಸೂಕ್ಷ್ಮ ಕೆತ್ತನೆ ಒಗ್ಗಬಹುದು. ಒಂದು ಉದ್ಯೋಗವನ್ನು ಹೀಗೆ ಅದರ ಅಂಗಗಳಾಗಿ ಬಿಡಿಸಿ, ಯಾವ ಅಂಗಕ್ಕೆ ಯಾರು ಒಪ್ಪುವರೆಂದು ವಿಚಾರಿಸುವುದೇ ವಿಕಲಚೇತನರ ಉದ್ಯೋಗ ನೆರವಿನ ಮೂಲತತ್ತ್ವ.

ಲೋಕರೂಢಿಯು ಇದಕ್ಕೆ ವಿಪರೀತವಾಗಿದೆ. ಮೊದಲು ಮನುಷ್ಯನ ನ್ಯೂನತೆಯನ್ನು ಅಳೆದು, ಆಮೇಲೆ ಅವನಿಗೆ ಕೆಲಸವೇ ಸಲ್ಲದೆಂದು ತೀರ್ಮಾನಿಸುವುದು ನಮ್ಮ ಅಭ್ಯಾಸ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 13 ಲಕ್ಷಕ್ಕೂ ಮಿಗಿಲಾಗಿ ವಿಕಲಚೇತನರಿದ್ದರು. ಇಷ್ಟು ಜನರ ಬಾಳನ್ನು ಮಾಸಾಶನವೊಂದರಿಂದಲೇ ತುಂಬಲಾಗದು. ಮಾಸಾಶನವು ಹಸಿವಿಗೆ ಆಸರೆ. ಮನೆಯವರೆದುರು, ಊರಿನವರೆದುರು ತಲೆಯೆತ್ತಿ ನಿಲ್ಲುವ ಸ್ಥಾನವನ್ನು ಕೊಡತಕ್ಕದ್ದು ದುಡಿಮೆಯೇ.

ಕಾನೂನು ಈ ಸತ್ಯವನ್ನು ಕ್ರಮೇಣ ಅಂಗೀಕರಿಸಿದೆ. ವಿಕಲಚೇತನರ ಕುರಿತ 1995ರ ಕಾಯ್ದೆಯು ಸರ್ಕಾರಿ ಹುದ್ದೆಗಳಲ್ಲಿ ಶೇಕಡಾ 3ರ ಮೀಸಲಾತಿಯನ್ನು ವಿಧಿಸಿತ್ತು. 2016ರ ಕಾಯ್ದೆಯು ಅದನ್ನು ಶೇಕಡಾ 4ಕ್ಕೆ ಏರಿಸಿ, 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಬುದ್ಧಿಮಾಂದ್ಯ ಮತ್ತು ಮಾನಸಿಕ ಅಸ್ವಾಸ್ಥ್ಯವುಳ್ಳವರನ್ನೂ ಮೀಸಲಾತಿಯ ವ್ಯಾಪ್ತಿಗೆ ತಂದಿತು. ಮೀಸಲಾತಿಗಿಂತಲೂ ದೂರಗಾಮಿಯಾದುದು ಅದರ ಇನ್ನೊಂದು ವಿಧಿ: ಸರ್ಕಾರಿ ಸಂಸ್ಥೆಗಳು ವಿಕಲಚೇತನ ನೌಕರನಿಗೆ ಅನುಕೂಲವಾಗುವಂತೆ ಕೆಲಸದ ಸ್ಥಳ, ಸಲಕರಣೆ, ವಿಧಾನಗಳಲ್ಲಿ ಯಥೋಚಿತವಾದ ಮಾರ್ಪಾಡನ್ನು ಮಾಡಿಕೊಡತಕ್ಕದ್ದು. ಮೆಟ್ಟಿಲಿನ ಪಕ್ಕದಲ್ಲಿ ಇಳಿಜಾರು, ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ತಂತ್ರಾಂಶ, ಎತ್ತರ ತಗ್ಗಿಸಿದ ಮೇಜು, ಇಂಥ ಅಲ್ಪವೆಚ್ಚದ ಏರ್ಪಾಟುಗಳೇ ಅನೇಕವೇಳೆ ಸಾಲುತ್ತವೆ.

ಈ ಮಾರ್ಗದಲ್ಲಿ ಬೆಂಗಳೂರಿನ ಸಂಸ್ಥೆಗಳು ದೇಶಕ್ಕೇ ಮೇಲ್ಪಂಕ್ತಿಯಾಗಿವೆ. 1959ರಲ್ಲಿ ಎನ್. ಎಸ್. ಹೇಮಾ ಅವರು ಸ್ಥಾಪಿಸಿದ ‘ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ’ಯು ಶಿಕ್ಷಣದ ಜೊತೆಗೆ ಕೈಗಾರಿಕಾ ತರಬೇತಿಯನ್ನೂ ತೋಟಗಾರಿಕೆಯನ್ನೂ ಕಲಿಸುತ್ತ ಬಂದಿದೆ. 1999ರಲ್ಲಿ ಶಾಂತಿ ರಾಘವನ್ ಮತ್ತು ದೀಪೇಶ್ ಸುತಾರಿಯಾ ಅವರು ಆರಂಭಿಸಿದ ‘ಎನೇಬಲ್ ಇಂಡಿಯಾ’ವು ಅಭ್ಯರ್ಥಿಗೆ ತರಬೇತಿ ಕೊಡುವುದರ ಜೊತೆಗೆ ಉದ್ಯೋಗದಾತನ ಕಡೆಯಿಂದಲೂ ಕೆಲಸವನ್ನು ವಿಶ್ಲೇಷಿಸಿ, ಇಬ್ಬರನ್ನೂ ಹೊಂದಿಸುವ ಕ್ರಮವನ್ನು ರೂಢಿಸಿದೆ.

ಆದರೆ ಪ್ರತಿಯೊಬ್ಬರೂ ಬೆಂಗಳೂರಿಗೆ ಹೋಗಲಾರರು, ಹೋಗಬೇಕಾಗಿಯೂ ಇಲ್ಲ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇರುವ ವ್ಯವಸ್ಥೆ ಕರ್ನಾಟಕದಲ್ಲಿ ಉಂಟು. ಪ್ರಮಾಣಪತ್ರಕ್ಕೂ ಗುರುತಿನ ಚೀಟಿಗೂ ಅರ್ಜಿ ಹಾಕಿಸುವುದು, ಯೋಜನೆಗಳ ಸುದ್ದಿಯನ್ನು ಮನೆಮನೆಗೆ ತಲುಪಿಸುವುದು ಇವರ ಹೊಣೆ. ಉದ್ಯೋಗ ಖಾತರಿ ಯೋಜನೆಯಲ್ಲಿ ವಿಕಲಚೇತನರಿಗೆ ಕೆಲಸದ ಪ್ರಮಾಣದಲ್ಲಿ ಅರ್ಧದಷ್ಟು ರಿಯಾಯಿತಿಯಿತ್ತು ಪೂರ್ಣ ಕೂಲಿ ಕೊಡುವ ಪದ್ಧತಿಯನ್ನು ನಮ್ಮ ರಾಜ್ಯ ಅನುಸರಿಸುತ್ತ ಬಂದಿತು. ಸ್ವಂತ ಅಂಗಡಿ ಹೂಡಲಿಚ್ಛಿಸುವವರಿಗೆ ‘ಆಧಾರ’ ಯೋಜನೆಯ ನೆರವುಂಟು. ಮಾಲೂರು, ನರಸಾಪುರ, ವೇಮಗಲ್‌ಗಳ ಕೈಗಾರಿಕಾ ಪ್ರದೇಶಗಳು ಬೆಳೆದಿರುವ ಈ ಜಿಲ್ಲೆಯಲ್ಲಿ ಬೇಕಾಗಿರುವುದು, ಕಾರ್ಖಾನೆಯ ಬಾಗಿಲಿನವರೆಗೆ ಅಭ್ಯರ್ಥಿಯ ಜೊತೆಯಲ್ಲಿ ನಡೆದು, ಕೆಲಸಕ್ಕೆ ಸೇರಿದ ಮೇಲೆಯೂ ಕೆಲವು ತಿಂಗಳು ವಿಚಾರಿಸಿಕೊಳ್ಳುವ ಒಬ್ಬ ಮಾರ್ಗದರ್ಶಿ. ಬಸ್ಸು ಹತ್ತುವ ತೊಡಕು, ಮೇಲ್ವಿಚಾರಕನ ಅಸಹನೆ, ಮನೆಯವರ ಅಂಜಿಕೆ, ಇವುಗಳಲ್ಲಿ ಯಾವುದಾದರೊಂದು ಮೊದಲ ವಾರಗಳಲ್ಲಿಯೇ ಕೆಲಸವನ್ನು ಬಿಡಿಸಿಬಿಡಬಲ್ಲುದು.

ಮಾರ್ಗದರ್ಶಿ ಬೇಕೆಂಬ ಈ ಮಾತು ಶಿಲ್ಪಶಾಲೆಗೂ ಅನ್ವಯಿಸುತ್ತದೆ. ಜೊತೆಗೆ ಒಂದು ಎಚ್ಚರಿಕೆಯೂ ಬೇಕು. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಹಾನಿಕರ. ಆದ್ದರಿಂದ ಧೂಳನ್ನು ನೀರಿನಿಂದ ಅಡಗಿಸುವ, ಮುಖಕ್ಕೆ ತಕ್ಕ ರಕ್ಷೆಯನ್ನು ಒದಗಿಸುವ ಏರ್ಪಾಟಿಲ್ಲದೆ ಯಾರನ್ನೂ ಅಲ್ಲಿ ಕೂರಿಸಬಾರದು. ವಿಕಲಚೇತನನಿಗಾಗಿ ಮಾಡಿದ ಇಂಥ ಸುಧಾರಣೆ ಮಿಕ್ಕ ಕೆಲಸಗಾರರ ಆರೋಗ್ಯವನ್ನೂ ಕಾಯುತ್ತದೆ.

ಶಿಲ್ಪಶಾಲೆಯ ಮಾಲೀಕರು ತಮ್ಮಲ್ಲಿಯ ಕೆಲಸಗಳನ್ನು ಒಂದೊಂದಾಗಿ ಪಟ್ಟಿ ಮಾಡಲಿ. ಪಂಚಾಯಿತಿಯು ಊರಿನ ವಿಕಲಚೇತನರ ಕೌಶಲವನ್ನೂ ಅಭಿಲಾಷೆಯನ್ನೂ ಕೇಳಿ ಬರೆದುಕೊಳ್ಳಲಿ. ತಂದೆತಾಯಿಗಳು ವಾತ್ಸಲ್ಯದ ಹೆಸರಿನಲ್ಲಿ ಮಕ್ಕಳನ್ನು ಮನೆಯೊಳಗೇ ಇರಿಸಿಕೊಳ್ಳದಿರಲಿ. ಈ ಮೂರು ಕಡೆಯವರು ಒಂದೆಡೆ ಕುಳಿತು ಮಾತನಾಡುವುದಕ್ಕೆ ಹೊಸ ಕಾನೂನಾಗಲಿ ಹೆಚ್ಚಿನ ಹಣವಾಗಲಿ ಬೇಕಿಲ್ಲ. ಕಾಯಕವನ್ನು ಕೈಲಾಸವೆಂದು ಸಾರಿದ ನಾಡಿಗೆ, ಆ ಕಾಯಕದಿಂದ ಯಾರನ್ನೂ ಹೊರಗಿರಿಸದಿರುವುದೇ ಧರ್ಮ.