ಬಯಲುಸೀಮೆಯ ಮನೆಯಲ್ಲಿ ಇನ್ನೂರು ಲೀಟರ್ ಕಡಲು

ತುಮಕೂರು ಹೆದ್ದಾರಿಯಲ್ಲಿ ದಾಬಸ್‌ಪೇಟೆ ದಾಟುವವರಿಗೆ ಸೋಂಪುರ ಎಂದರೆ ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಲಾರಿಗಳ ಸಾಲು, ಹಿನ್ನೆಲೆಯಲ್ಲಿ ಶಿವಗಂಗೆ ಬೆಟ್ಟ. ನೆಲಮಂಗಲ ತಾಲ್ಲೂಕಿನ ಈ ಹೋಬಳಿ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಂಗಳೂರಿನ ಕಡಲು ಕಾಣಬೇಕೆಂದರೆ ಶಿರಾಡಿ ಘಾಟಿ ಇಳಿದು ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕು. ಕುಡಿಯುವ ನೀರಿಗೇ ಬೋರ್‌ವೆಲ್ಲಿನ ಮುಖ ನೋಡುವ ಇಂಥ ಕಡೆ ಹಾಲಿನ ಗೋಡೆಗೆ ಒರಗಿಸಿ ಗಾಜಿನ ತೊಟ್ಟಿ ಇಟ್ಟು, ಅದರೊಳಗೆ ಉಪ್ಪುನೀರು, ಹವಳ, ಕ್ಲೌನ್ ಮೀನು ಸಾಕುತ್ತೇವೆಂದರೆ ನೆಂಟರಿಷ್ಟರು ನಗುವುದು ಸಹಜ. ನಮ್ಮಮ್ಮ ಈಗಲೂ ಬಂದವರಿಗೆ ಅದನ್ನು ತೋರಿಸುವುದು “ಇವನ ಉಪ್ಪಿನಕಾಯಿ ಜಾಡಿ” ಎಂದೇ.

ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯ ನೋಡಿ ಬೆಳೆದ ನಮ್ಮ ತಲೆಮಾರಿಗೆ ಅಕ್ವೇರಿಯಂ ಎಂದರೆ ಗೋಲ್ಡ್ ಫಿಶ್, ಏಂಜೆಲ್, ಗುಳ್ಳೆ ಬಿಡುವ ಪ್ಲಾಸ್ಟಿಕ್ ಬೊಂಬೆ. ಸಿಹಿನೀರಿನ ತೊಟ್ಟಿ ಒಂದಷ್ಟು ಅಲಕ್ಷ್ಯವನ್ನು ತಾಳಿಕೊಳ್ಳುತ್ತದೆ. ಹವಳದ ತೊಟ್ಟಿ ತಾಳುವುದಿಲ್ಲ. ಉಷ್ಣಾಂಶ 24ರಿಂದ 26 ಡಿಗ್ರಿ, ಲವಣಾಂಶ ಸಾವಿರಕ್ಕೆ 35 ಭಾಗ, ಪಿಎಚ್ 8.1ರಿಂದ 8.4, ಕ್ಯಾಲ್ಸಿಯಂ ಲೀಟರಿಗೆ 400 ಮಿಲಿಗ್ರಾಂ ಆಸುಪಾಸು, ಮೆಗ್ನೀಸಿಯಂ 1300ರ ಹತ್ತಿರ. ಇವಿಷ್ಟೂ ಒಟ್ಟಿಗೆ, ದಿನವೂ, ಹೆಚ್ಚು ಏರಿಳಿತವಿಲ್ಲದೆ ಇರಬೇಕು. ಸಮುದ್ರ ತನ್ನ ಗಾತ್ರದಿಂದಲೇ ಇದನ್ನು ನಿಭಾಯಿಸಿಕೊಳ್ಳುತ್ತದೆ. ಇನ್ನೂರು ಲೀಟರಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ಯಂತ್ರಗಳಿಂದ ಬರುತ್ತದೆ ಎನ್ನುತ್ತಾರೆ ಅಂಗಡಿಯವರು. ಸ್ಕಿಮ್ಮರ್, ವೇವ್‌ಮೇಕರ್, ಚಿಲ್ಲರ್, ಡೋಸಿಂಗ್ ಪಂಪ್ ಎಂದು ಪಟ್ಟಿ ಬೆಳೆಯುತ್ತ ಹೋಗುತ್ತದೆ. ಅವೆಲ್ಲ ಬೇಕು, ನಿಜ. ಆದರೆ ನನ್ನ ಮಟ್ಟಿಗೆ, ಬೈಕ್ ಹತ್ತಿ ಅರ್ಧ ಗಂಟೆಯೊಳಗೆ ಬಂದು ನಿಲ್ಲಬಲ್ಲ ಇನ್ನೊಬ್ಬ ಹವ್ಯಾಸಿ ಇಲ್ಲದ ಕಡೆ ಈ ಕೆಲಸಕ್ಕೆ ಕೈಹಾಕಲೇಬಾರದು.

ಮೊದಲ ತೊಡಕು ನೀರಿನದೇ. ಬೆಂಗಳೂರು ಗ್ರಾಮಾಂತರದ ನಾಲ್ಕೂ ತಾಲ್ಲೂಕುಗಳು ಅಂತರ್ಜಲವನ್ನು ಮಿತಿಮೀರಿ ಬಳಸಿದ ಪಟ್ಟಿಯಲ್ಲಿವೆ. ಇಲ್ಲಿನ ಬೋರ್‌ವೆಲ್ ನೀರು ಗಡಸು, ಜೊತೆಗೆ ನೈಟ್ರೇಟ್ ಬೇರೆ. ಟಿಡಿಎಸ್ ಮೀಟರ್ ಅದ್ದಿದರೆ ಎಷ್ಟೋ ಮನೆಗಳಲ್ಲಿ 800, 900 ತೋರಿಸುತ್ತದೆ. ಹವಳಕ್ಕೆ ಬೇಕಾದದ್ದು ಸೊನ್ನೆ. ಆರ್‌ಒ ಯಂತ್ರದಲ್ಲಿ ಹಾಯಿಸಿದರೆ 30-40ಕ್ಕೆ ಇಳಿಯುತ್ತದೆ, ಅದರ ಮುಂದೆ ಡಿಐ ರಾಳದ ಕೊಳವೆ ಕಟ್ಟಿದರೆ ಸೊನ್ನೆ ಮುಟ್ಟುತ್ತದೆ. ಆದರೆ ಒಂದು ಲೀಟರ್ ಶುದ್ಧ ನೀರಿಗೆ ಮೂರು ನಾಲ್ಕು ಲೀಟರ್ ಹೊರಗೆ ಹೋಗುತ್ತದೆ. ವಾರಕ್ಕೆ ಇಪ್ಪತ್ತು ಲೀಟರ್ ಬದಲಿಸುವವನು ಅರವತ್ತು ಎಂಬತ್ತು ಲೀಟರ್ ಚೆಲ್ಲಿದಂತಾಯಿತು. ಟ್ಯಾಂಕರ್ ಬಂದರೆ ಕೊಡ ಹಿಡಿದು ಓಡುವ ಊರಲ್ಲಿ ಇದು ಸಣ್ಣ ಮಾತಲ್ಲ. ಆ ನೀರನ್ನು ಡ್ರಮ್ಮಿನಲ್ಲಿ ಹಿಡಿದು ನೆಲ ಒರೆಸಲು, ಕಕ್ಕಸಿಗೆ ಬಳಸುವವರಿದ್ದಾರೆ. ಗೆಳೆಯರೊಬ್ಬರು ತಾರಸಿಯ ಮಳೆನೀರನ್ನು ಇದ್ದಿಲು ಮತ್ತು ಡಿಐ ರಾಳದಲ್ಲಿ ಹಾಯಿಸಿ ಮಳೆಗಾಲವಿಡೀ ಆರ್‌ಒ ಮುಟ್ಟದೆ ಸಾಗಿಸುತ್ತಾರೆ. ಕಾರ್ಖಾನೆಗಳ ನಡುವಿನ ತಾರಸಿಯಾದ್ದರಿಂದ ಮೊದಲ ಒಂದೆರಡು ಮಳೆಯನ್ನು ಹರಿಯಬಿಟ್ಟು ಆಮೇಲೆ ಹಿಡಿಯುತ್ತಾರೆ. ನೋಡಿದ ಮೇಲೆ ನಾವೂ ಪೈಪು ಜೋಡಿಸಿಕೊಂಡೆವು.

“ಮಂಗಳೂರಿಂದ ಕ್ಯಾನಲ್ಲಿ ಸಮುದ್ರದ ನೀರೇ ತಂದುಬಿಡಿ” ಎಂದು ಪ್ರತಿಯೊಬ್ಬರೂ ಸಲಹೆ ಕೊಡುತ್ತಾರೆ. ದಡದ ನೀರಿನಲ್ಲಿ ನೇತ್ರಾವತಿ, ಗುರುಪುರ ಹೊಳೆಗಳ ಸಿಹಿನೀರು, ಬಂದರಿನ ಎಣ್ಣೆ, ಊರಿನ ಚರಂಡಿ ಎಲ್ಲ ಸೇರಿರುತ್ತದೆ. ಮುಚ್ಚಿದ ಕ್ಯಾನಿನೊಳಗೆ ಕತ್ತಲಲ್ಲಿ ಪ್ಲವಕಗಳು ಸತ್ತು ಕೊಳೆಯುತ್ತವೆ. ಅಡುಗೆಮನೆಯ ಉಪ್ಪಂತೂ ಕೂಡದು, ಸಮುದ್ರದ ಲವಣಗಳಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಪಾಲು ಸುಮಾರು 85 ಶೇಕಡಾ, ಹವಳಕ್ಕೆ ಜೀವನಾಧಾರವಾದದ್ದು ಉಳಿದ ಪಾಲಿನಲ್ಲಿದೆ. ಹಾಗಾಗಿ ಅಕ್ವೇರಿಯಂಗೆಂದೇ ಬರುವ ಸಮುದ್ರ ಉಪ್ಪನ್ನು ಚೀಲದಲ್ಲಿ ಕೊಳ್ಳಬೇಕು. ಐದಾರು ಮಂದಿ ಸೇರಿ ದೊಡ್ಡ ಚೀಲ ತರಿಸಿ ತೂಕ ಮಾಡಿ ಹಂಚಿಕೊಂಡರೆ ಅಗ್ಗ. ಬಕೆಟ್ಟಿನಲ್ಲಿ ಕರಗಿಸಿ, ಪಂಪಿನಿಂದ ಒಂದು ದಿನ ಕದಡಿ, ಅಳೆದು ಆಮೇಲೆ ತೊಟ್ಟಿಗೆ. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ದಿನವೂ ಮೇಲಿನಿಂದ ತುಂಬಬೇಕಾದದ್ದು ಸಿಹಿನೀರು. ಹೊಸಬರು ಎಡವುವುದು ಇಲ್ಲೇ.

ತೆಗೆದ ನೀರಿನ ಕತೆಯೂ ಇದೆ. ತೆಂಗಿಗೆ ಉಪ್ಪು ಹಾಕುವ ರೂಢಿ ನಮ್ಮ ಕಡೆ ಉಂಟಲ್ಲ, ಬುಡಕ್ಕೇ ಸುರಿದರಾಯಿತು ಎನ್ನುವವರಿದ್ದಾರೆ. ಇಪ್ಪತ್ತು ಲೀಟರಿನಲ್ಲಿ 700 ಗ್ರಾಂ ಉಪ್ಪು, ವರ್ಷಕ್ಕೆ 36 ಕಿಲೋ. ಯಾವ ತೆಂಗೂ ಅಷ್ಟು ಕೇಳುವುದಿಲ್ಲ, ಕೆಮ್ಮಣ್ಣಂತೂ ಕೆಟ್ಟೇ ಹೋಗುತ್ತದೆ.

ತೊಟ್ಟಿ ತುಂಬಿದ ಮಾತ್ರಕ್ಕೆ ಮೀನು ಬಿಡುವಂತಿಲ್ಲ. ಮೀನಿನ ಹೊಲಸಿನಿಂದ ಬರುವ ಅಮೋನಿಯಾ ವಿಷ. ಅದನ್ನು ನೈಟ್ರೈಟ್, ಅಲ್ಲಿಂದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕಲ್ಲಿನ ಸಂದುಗಳಲ್ಲಿ ನೆಲೆಯೂರಬೇಕು. ಟ್ಯಾಂಕ್ ‘ಸೈಕಲ್’ ಆಗುವುದೆಂದರೆ ಇದೇ, ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆದರೆ ಚೆನ್ನಾಗಿ ನಡೆಯುತ್ತಿರುವ ತೊಟ್ಟಿಯಿಂದ ಅಂಗೈಯಗಲದ ಕಲ್ಲೊಂದು ಸಿಕ್ಕರೆ ಕೆಲಸ ಬೇಗ ಆಗುತ್ತದೆ. ಪಕ್ಕದ ಮನೆಯಿಂದ ಹೆಪ್ಪಿಗೆ ಮಜ್ಜಿಗೆ ತಂದಹಾಗೆಯೇ. ಅಲ್ಲಿಯೂ ದಾಟಿ ಬರುವುದು ಬ್ಯಾಕ್ಟೀರಿಯಾವೇ. ಈ ಉಪಕಾರ ಮಾಡಿದವರ ಕಲ್ಲಿನಲ್ಲಿ ಒಮ್ಮೊಮ್ಮೆ ಐಪ್ಟೇಸಿಯಾ ಎಂಬ ಪುಟ್ಟ ಅನಿಮೋನ್ ಕೂಡ ಅಡಗಿ ಬಂದಿರುತ್ತದೆ. ಕಿತ್ತರೆ ಉಳಿದ ಚೂರೂ ಚಿಗುರುತ್ತದೆ. ಆಗ ಇನ್ನೊಬ್ಬರ ಮನೆಯಿಂದ ಅದನ್ನು ತಿನ್ನುವ ಪೆಪ್ಪರ್‌ಮಿಂಟ್ ಸೀಗಡಿಯನ್ನು ಕಡ ತರಬೇಕು. ನಮ್ಮ ಬಳಗದಲ್ಲಿ ಒಂದು ಜೋಡಿ ಸೀಗಡಿ ಹೀಗೆ ಮನೆಯಿಂದ ಮನೆಗೆ ಪ್ಲಾಸ್ಟಿಕ್ ಚೀಲದಲ್ಲಿ ಪ್ರಯಾಣ ಮಾಡುತ್ತಲೇ ಇರುತ್ತದೆ.

ಹೀಗೆ ಬ್ಯಾಕ್ಟೀರಿಯಾ ನೆಲೆಸಿದ ಜೀವಂತ ಕಲ್ಲಿನಿಂದಲೇ ತೊಟ್ಟಿ ಶುದ್ಧವಾಗಬಲ್ಲದು ಎಂದು ತೋರಿಸಿಕೊಟ್ಟವರು ಯುರೋಪಿನ ವಿಜ್ಞಾನಿಗಳಿಗಿಂತ ಮೊದಲು ಜಕಾರ್ತದ ಹವ್ಯಾಸಿ ಲೀ ಚಿನ್ ಎಂಗ್. ಗಾಳಿಗುಳ್ಳೆ, ಬಿಸಿಲು, ಕಡಲಿನ ಕಲ್ಲು ಇಷ್ಟರಲ್ಲೇ ಹವಳ ಸಾಕಿದ್ದನ್ನು ಅವರು 1961ರಲ್ಲಿ ಬರೆದರು. ಅವರ ಮನೆ ಬಾಗಿಲಲ್ಲೇ ಸಮುದ್ರವಿತ್ತು. ನಮಗಿಲ್ಲ, ಇದ್ದರೂ ಆ ಕಲ್ಲನ್ನು ಎತ್ತುವಂತಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳ, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸೀ ಫ್ಯಾನ್ ಹಾಗೂ ಕಡಲಕುದುರೆಯನ್ನು ಸೇರಿಸಲಾಯಿತು. ಅಂದರೆ ಕಾನೂನಿನ ಕಣ್ಣಲ್ಲಿ ಗಟ್ಟಿ ಹವಳದ ತುಂಡು ಹುಲಿಯ ಸಾಲಿನದು; ಶಿಕ್ಷೆ ಮೂರರಿಂದ ಏಳು ವರ್ಷ ಸೆರೆ. 2022ರ ತಿದ್ದುಪಡಿಯ ಬಳಿಕವೂ ಗಟ್ಟಿ ಹವಳ ಅಲ್ಲೇ ಇದೆ. ಇಷ್ಟಾದರೂ ಬಣ್ಣಬಣ್ಣದ ಗಟ್ಟಿ ಹವಳವನ್ನು ‘ಇಂಪೋರ್ಟೆಡ್’ ಎಂದು ಸರಾಗವಾಗಿ ಮಾರುವವರಿದ್ದಾರೆ, ಕೊಳ್ಳುವವರೂ ಇದ್ದಾರೆ. ಹವ್ಯಾಸದ ಹೆಸರಲ್ಲಿ ಇದನ್ನು ಸಮರ್ಥಿಸಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಸಿಮೆಂಟು, ಸೆರಾಮಿಕ್‌ನಲ್ಲಿ ಮಾಡಿದ ಒಣ ಕಲ್ಲು ಸಿಗುತ್ತದೆ. ಆ ಪಟ್ಟಿಯಲ್ಲಿ ಹೆಸರಿಲ್ಲದ ಲೆದರ್, ಮಶ್ರೂಮ್, ಜೋಆಂಥಿಡ್ ಬಗೆಯ ಮೆದು ಜೀವಿಗಳು ಇವೆ, ಅವನ್ನೂ ಕೊಳ್ಳುವ ಮುನ್ನ ಈಗಿನ ಅನುಸೂಚಿ ತೆರೆದು ನೋಡುವುದು ವಾಸಿ. ಗಟ್ಟಿ ಹವಳ ನೋಡಲೇಬೇಕೆನ್ನುವ ಕನ್ನಡಿಗರಿಗೆ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪವಿದೆ. ಮಳೆಗಾಲ ಕಳೆದ ಮೇಲೆ ಸ್ಕೂಬಾದವರ ಜೊತೆ ಮುಳುಗಿ ಕಣ್ತುಂಬ ನೋಡಿ ಬರಿಗೈಯಲ್ಲಿ ಬರಬಹುದು.

ಮೆದು ಹವಳದ ದೊಡ್ಡ ಗುಣ, ಕತ್ತರಿಸಿದರೆ ಎರಡಾಗುವುದು. ಲೆದರ್ ಹವಳವನ್ನು ನೀರಿನಿಂದೆತ್ತಿ ಹರಿತ ಬ್ಲೇಡಿನಲ್ಲಿ ಅದರ ಟೊಪ್ಪಿಗೆಯಿಂದ ಹೆಬ್ಬೆರಳಗಲ ಕೊಯ್ಯುತ್ತಾರೆ. ಲೋಳೆ ಸುರಿಯುತ್ತದೆ, ಕಮಟು ವಾಸನೆ ಬರುತ್ತದೆ. ಲೋಳೆ ಜಾರುವುದರಿಂದ ಅಂಟು ನಿಲ್ಲದು. ತುಂಡನ್ನು ಪುಟ್ಟ ಕಲ್ಲಿಗೆ ರಬ್ಬರ್ ಬ್ಯಾಂಡಿನಿಂದ ಸಡಿಲವಾಗಿ ಕಟ್ಟಿ, ಅಲೆ ಮೆತ್ತಗಿರುವ ಮೂಲೆಯಲ್ಲಿ ಇಟ್ಟರೆ ಕೆಲವು ವಾರದಲ್ಲಿ ತಾನೇ ಕಚ್ಚಿಕೊಳ್ಳುತ್ತದೆ. ಈ ತುಂಡಿಗೆ ‘ಫ್ರ್ಯಾಗ್’ ಎನ್ನುತ್ತಾರೆ. ಬಳಗದಲ್ಲಿ ಇದರ ಕೊಡುಕೊಳ್ಳುವಿಕೆ ಹಣದಲ್ಲಿ ನಡೆಯುವುದು ಕಡಿಮೆ. ಕೊಟ್ಟವನಿಗೂ ಸ್ವಾರ್ಥವಿದೆ: ನಾಳೆ ಹೀಟರ್ ಕೆಟ್ಟು ತೊಟ್ಟಿ ಪೂರಾ ಹಾಳಾದರೆ ತನ್ನದೇ ಹವಳದ ಕುಡಿ ಇನ್ನೊಂದು ಮನೆಯಲ್ಲಿ ಬದುಕಿರುತ್ತದೆ. ಹೀಗೆ ತಾಯಿಹವಳ ಸತ್ತು, ಕೊಟ್ಟ ತುಂಡಿನಿಂದ ತುಂಡು ವಾಪಸು ಪಡೆದ ಮನೆಗಳು ನಮ್ಮಲ್ಲೇ ಇವೆ.

ಜೋಆಂಥಿಡ್ ವಿಷಯದಲ್ಲಿ ಮಾತ್ರ ಹಳಬರು ಹೊಸಬರನ್ನು ಗದರಿಸಿಯೇ ಹೇಳುತ್ತಾರೆ. ಈ ಗುಂಪಿನ ಪಾಲಿಥೋವಾದಲ್ಲಿ ಪಾಲಿಟಾಕ್ಸಿನ್ ಇರಬಹುದು. ಹವಾಯಿಯಲ್ಲಿ ರಿಚರ್ಡ್ ಮೂರ್ ಮತ್ತು ಪಾಲ್ ಶೋಯರ್ 1971ರಲ್ಲಿ ಬೇರ್ಪಡಿಸಿ ವರದಿ ಮಾಡಿದ ಈ ವಿಷ ಜಗತ್ತಿನ ಅತಿ ಘೋರ ವಿಷಗಳಲ್ಲೊಂದು. ಕಲ್ಲು ಸ್ವಚ್ಛ ಮಾಡುತ್ತೇನೆಂದು ಬಿಸಿನೀರಲ್ಲಿ ಕುದಿಸಿ, ಆವಿ ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳು ವಿದೇಶಗಳಲ್ಲಿ ನಡೆದಿವೆ. ಕೈಗವಸು, ಕಣ್ಣಿಗೆ ಕನ್ನಡಕ ಇಲ್ಲದೆ ಕೊಯ್ಯಬಾರದು. ಕಲ್ಲನ್ನು ಎಂದೂ ಕುದಿಸಬಾರದು. ಈ ಒಂದು ಮಾತನ್ನು ಅಂಗಡಿಯವನು ಹೇಳಿ ಕಳಿಸಿದ್ದನ್ನು ನಾನಂತೂ ಕಂಡಿಲ್ಲ.

ಅಳತೆಯಲ್ಲೂ ಇನ್ನೊಬ್ಬರ ಕಣ್ಣು ಬೇಕು. ನೀರಿನ ಕ್ಷಾರಗುಣ ನೋಡಲು ಗಾಜಿನ ನಳಿಕೆಯಲ್ಲಿ 5 ಮಿಲಿ ನೀರು ಹಿಡಿದು ಹನಿ ಹಾಕುತ್ತ ಅಲುಗಾಡಿಸಬೇಕು. ಹನಿಗೊಂದು ಡಿಗ್ರಿ ಲೆಕ್ಕದ ಕಿಟ್ಟಿನಲ್ಲಿ ಎಂಟನೆಯ ಹನಿಗೆ ನೀಲಿ ಹೋಗಿ ಹಳದಿ ಬಂದರೆ ಎಂಟು, ಅದು ಒಳ್ಳೆಯ ಲಕ್ಷಣ. ಆದರೆ ಏಳನೆಯದಕ್ಕೇ ಹಸಿರು ಮಿಶ್ರಿತ ಹಳದಿ ಕಂಡರೆ? ಗಂಡ ಬಂತೆನ್ನುತ್ತಾನೆ, ಹೆಂಡತಿ ಇಲ್ಲವೆನ್ನುತ್ತಾಳೆ. ರಿಫ್ರ್ಯಾಕ್ಟೋಮೀಟರಿನದು ಇನ್ನೊಂದು ಬಗೆ. ಶುದ್ಧ ನೀರು ಹಾಕಿ ಸೊನ್ನೆಗೆ ಹೊಂದಿಸಿದರೂ 35ರ ಬಳಿ ತಪ್ಪು ತೋರಿಸಬಹುದು. 35ರ ಪ್ರಮಾಣದ್ರವವೇ ಬೇಕು. ಆ ಸೀಸೆಯನ್ನು ಒಬ್ಬರು ಕೊಂಡರೆ ಎಲ್ಲರ ಉಪಕರಣವೂ ಸರಿಯಾಗುತ್ತದೆ. ದುಬಾರಿ ಫಾಸ್ಫೇಟ್ ಮೀಟರಂತೂ ನಮ್ಮ ಬಳಗಕ್ಕೆಲ್ಲ ಒಂದೇ. ಅದು ಯಾರ ಮನೆಯಲ್ಲಿದೆ ಎಂದು ಕೇಳುವ ಫೋನು ವಾರಕ್ಕೊಮ್ಮೆಯಾದರೂ ಬರುತ್ತದೆ: “ಅಣ್ಣಾ, ಮೀಟ್ರು ನಿಮ್ಮತ್ರ ಐತಾ? ಉಪ್ಪೂ ಒಂದಪ ನೋಡ್ಕೊಟ್ಬಿಡಿ, ನಂದು ಮೂವತ್ತೆಂಟು ತೋರಿಸ್ತೈತೆ.”

ನಿಜವಾದ ಪರೀಕ್ಷೆ ಏಪ್ರಿಲ್, ಮೇ. ಬೆಂಗಳೂರಿನ ಹವೆ ತಂಪೆಂಬ ಹೆಸರಿದ್ದರೂ 2016ರ ಏಪ್ರಿಲ್ 24ರಂದು ನಗರದಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಹವಳದೊಳಗೆ ಬದುಕುವ ಸೂಕ್ಷ್ಮ ಪಾಚಿ ಅದಕ್ಕೆ ಆಹಾರವನ್ನೂ ಬಣ್ಣವನ್ನೂ ಕೊಡುತ್ತದೆ. ನೀರು ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. 2024ರಲ್ಲಿ ಲಕ್ಷದ್ವೀಪದ ದಿಬ್ಬಗಳಿಗೆ ಆದದ್ದು ಇದೇ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಸಮೀಕ್ಷೆ ಅಲ್ಲಿ ಗಟ್ಟಿ ಹವಳ ವ್ಯಾಪಕವಾಗಿ ಬಿಳಿಚಿದ್ದನ್ನು ಕಂಡಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಜಗತ್ತಿನ ನಾಲ್ಕನೆಯ ಸಾಮೂಹಿಕ ಬಿಳಿಚುವಿಕೆ ಘೋಷಣೆಯಾಯಿತು. ಮನೆಯ ತೊಟ್ಟಿಗೆ ಚಿಲ್ಲರ್ ಇಲ್ಲದವರು ನೀರಿನ ಮೇಲೆ ಪುಟ್ಟ ಫ್ಯಾನ್ ಬೀಸಿ ಎರಡು ಮೂರು ಡಿಗ್ರಿ ಇಳಿಸುತ್ತಾರೆ. ಆದರೆ ಸೆಖೆಯ ಬೆನ್ನಿಗೇ ಸಂಜೆ ಗುಡುಗು, ಗಾಳಿ. ಎಲ್ಲೋ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದು ಕರೆಂಟ್ ಹೋಗುತ್ತದೆ. ಅಲೆ ನಿಂತ ತೊಟ್ಟಿಯಲ್ಲಿ ಆಮ್ಲಜನಕ ಇಳಿಯತೊಡಗುತ್ತದೆ. ಬ್ಯಾಟರಿಯ ಗಾಳಿಪಂಪು ಇದ್ದರೆ ಸರಿ. ಇಲ್ಲದಿದ್ದರೆ ಚೊಂಬಿನಲ್ಲಿ ನೀರು ಮೊಗೆದು ಎತ್ತರದಿಂದ ಹೊಯ್ಯುತ್ತ ಕೂರಬೇಕು, ಅದೂ ಸರದಿಯಲ್ಲಿ. ಇಂಥ ರಾತ್ರಿಗಳಲ್ಲಿ ಇನ್‌ವರ್ಟರ್ ಇರುವ ಮನೆಗೆ ಬಕೆಟ್ಟಿನಲ್ಲಿ ಮೀನು ಸಾಗಿಸಿದ್ದುಂಟು.

ಹೆಚ್ಚು ಖುಷಿ ಕೊಡುವುದು ಕ್ಲೌನ್ ಮೀನಿನ ಸಂಸಾರ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಎರಡನೆಯದು ಗಂಡು. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗುತ್ತದೆ. ಮಣ್ಣಿನ ಪುಟ್ಟ ಕುಂಡವನ್ನು ಮಗುಚಿ ಇಟ್ಟರೆ ಅದರ ಮೇಲೆ ಕಿತ್ತಳೆ ಬಣ್ಣದ ಮೊಟ್ಟೆಗಳನ್ನು ಒತ್ತೊತ್ತಾಗಿ ಇಡುತ್ತವೆ. ತಂದೆ ಹಗಲಿಡೀ ರೆಕ್ಕೆಯಿಂದ ಬೀಸುತ್ತ, ಕೆಟ್ಟ ಮೊಟ್ಟೆಯನ್ನು ಹೆಕ್ಕಿ ತೆಗೆಯುತ್ತ ಕಾಯುತ್ತದೆ. ದಿನ ಕಳೆದಂತೆ ಮೊಟ್ಟೆಯೊಳಗೆ ಬೆಳ್ಳಿಯ ಚುಕ್ಕೆಯಂಥ ಕಣ್ಣುಗಳು ಕಾಣುತ್ತವೆ. ವಾರದ ಆಸುಪಾಸಿನಲ್ಲಿ, ದೀಪ ಆರಿದ ಮೇಲೆ ಮರಿ ಹೊರಬರುತ್ತವೆ. ಅವುಗಳ ಬಾಯಿಗೆ ಹಿಡಿಯುವ ಆಹಾರ ಬರಿಗಣ್ಣಿಗೆ ಸರಿಯಾಗಿ ಕಾಣದ ರೋಟಿಫರ್ ಒಂದೇ, ಆ ರೋಟಿಫರ್ ಬದುಕಲು ಹಸಿರು ಪಾಚಿಯ ನೀರು ಬೇಕು. ಪೆಪ್ಸಿ ಬಾಟಲಿಯಲ್ಲಿ ಪಾಚಿ ಬೆಳೆಸುವವರು ಒಬ್ಬರು, ರೋಟಿಫರ್ ಉಳಿಸಿಕೊಂಡವರು ಇನ್ನೊಬ್ಬರು. ಕೇಂದ್ರೀಯ ಕಡಲ ಮೀನುಗಾರಿಕೆ ಸಂಸ್ಥೆಯವರು ಕ್ಲೌನ್ ಮೀನಿನ ಮರಿ ಮಾಡುವ ವಿಧಾನವನ್ನು ಎಂದೋ ರೂಪಿಸಿದ್ದಾರೆ. ಹಾಗೆ ಸಾಕಿ ಬೆಳೆಸಿದ ಮರಿ ಸಿಗುವಾಗ ದಿಬ್ಬದಿಂದ ಹಿಡಿದು ತಂದ ಮೀನನ್ನು ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಸಾಕಿದ್ದು ಒಣ ಆಹಾರಕ್ಕೂ ಬೇಗ ಒಗ್ಗುತ್ತದೆ.

ಊರಿಗೆ, ಮದುವೆಗೆ ಹೋಗುವಾಗ ಬೀಗದ ಕೈಯನ್ನು ಹೀಗೆ ಸಾಕುವವರಿಗೇ ಕೊಟ್ಟು ಹೋಗಬೇಕು. ಅಕ್ಕಪಕ್ಕದವರು ಪ್ರೀತಿಯಿಂದ ಡಬ್ಬಿಗಟ್ಟಲೆ ಆಹಾರ ಸುರಿದು ಬಿಡುತ್ತಾರೆ, ಅದು ಕೊಳೆತು ಅಮೋನಿಯಾ ಏರುತ್ತದೆ. ವಯಸ್ಸಾದವರ ಮಾತ್ರೆಗೆ ಬರುವ ವಾರದ ಡಬ್ಬಿಯಿದೆಯಲ್ಲ, ಅದರಲ್ಲಿ ದಿನದ ಪಾಲು ಅಳೆದಿಟ್ಟು ಹೋಗುವುದು ನನ್ನ ರೂಢಿ. ಶನಿವಾರದ ಖಾನೆ ಖಾಲಿ ಬಿಡುತ್ತೇನೆ. ಹೊಸದಾಗಿ ಬಂದವರು “ತುಂಬೋದು ಮರ್ತಿದ್ದೀರಾ ಅಣ್ಣಾ?” ಎಂದು ಫೋನ್ ಮಾಡುತ್ತಾರೆ. ಶನಿವಾರ ಒಪ್ಪೊತ್ತು ಎಂದರೆ ಈ ಸೀಮೆಯವರಿಗೆ ಮತ್ತೆ ಬಿಡಿಸಿ ಹೇಳಬೇಕಾಗುವುದಿಲ್ಲ.